ಕೊಳ್ಳುವವನಿಗಿಂತ ಹಿರಿಯ ವಿಮಾನ

ವಿಮಾನಕ್ಕೂ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ ಇದೆಯಾ? ಇದೆ ಸ್ವಾಮಿ, ಭರ್ಜರಿಯಾಗೇ ಇದೆ. ನಮ್ಮಲ್ಲಿ ಒಂದು ಕಾಲಕ್ಕೆ ಬಜಾಜ್ ಚೇತಕ್ ಹೇಗಿತ್ತೋ, ಅಮೆರಿಕದಲ್ಲಿ ನಾಲ್ಕು ಸೀಟಿನ ಸೆಸ್ನಾ 172 ಹಾಗೆ. 1956ರಿಂದ ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. 1986ರಲ್ಲಿ ಕಂಪನಿ ಉತ್ಪಾದನೆ ನಿಲ್ಲಿಸಿತು. ಮತ್ತೆ ಶುರುವಾಗಲು ಹತ್ತು ವರ್ಷ ಬೇಕಾಯ್ತು. ಹೀಗಾಗಿ ಅಲ್ಲಿ ಇವತ್ತು ಕೈ ಬದಲಾಗುವ ಎಷ್ಟೋ ಪುಟ್ಟ ವಿಮಾನಗಳಿಗೆ ನಲವತ್ತು, ಐವತ್ತು ವರ್ಷ ವಯಸ್ಸು.

ಜಗಳ ಶುರುವಾಗೋದು ಜಾಹೀರಾತಿನ ಒಂದು ಸಾಲಿನಿಂದ. 'ಈಗಷ್ಟೇ ಆನ್ಯುಯಲ್ ಆಗಿದೆ, ಎಂಜಿನ್ ಕಡಿಮೆ ಓಡಿದೆ.' ಆನ್ಯುಯಲ್ ಅಂದ್ರೆ ಅಲ್ಲಿನ ನಿಯಮದಂತೆ 12 ತಿಂಗಳಿಗೊಮ್ಮೆ ಆಗಲೇಬೇಕಾದ ತಪಾಸಣೆ. ಅಧಿಕಾರ ಇರುವ ಮೆಕ್ಯಾನಿಕ್ ನೋಡಿ, ಹಾರಾಟಕ್ಕೆ ಯೋಗ್ಯ ಅಂತ ಲಾಗ್‌ಬುಕ್‌ನಲ್ಲಿ ಸಹಿ ಹಾಕ್ತಾನೆ. ಆ ಸಹಿ ಹೇಳೋದು ಆ ದಿನದ ಸ್ಥಿತಿಯನ್ನ ಮಾತ್ರ. ಕೊಳ್ಳುವವನು ಅದನ್ನ ಒಂದು ವರ್ಷದ ಗ್ಯಾರಂಟಿ ಅಂದ್ಕೋತಾನೆ. ಆ ಮೆಕ್ಯಾನಿಕ್ ಮಾರುವವನಿಗೆ ಹತ್ತಾರು ವರ್ಷದ ಪರಿಚಯದವನಾಗಿದ್ದರಂತೂ ಮುಗೀತು.

'ಕಡಿಮೆ ಓಡಿದೆ' ಅನ್ನೋ ಮಾತು ಇನ್ನೂ ಅಪಾಯಕಾರಿ. ಕಾರಾದ್ರೆ ಕಿಲೋಮೀಟರ್ ಕಡಿಮೆ ಇದ್ದಷ್ಟೂ ಖುಷಿ, ಅಲ್ವಾ? ವಿಮಾನದ ಎಂಜಿನ್‌ನಲ್ಲಿ ಲೆಕ್ಕ ಉಲ್ಟಾ ಆಗಬಹುದು. ಈ ವಿಮಾನಗಳಲ್ಲಿ ತುಂಬಾ ಬಳಕೆಯಲ್ಲಿರುವ ಲೈಕಮಿಂಗ್ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಇರೋದು ಮೇಲ್ಭಾಗದಲ್ಲಿ. ವಿಮಾನ ತಿಂಗಳುಗಟ್ಟಲೆ ನಿಂತರೆ ಎಣ್ಣೆ ಕೆಳಗಿಳಿದು ಹೋಗುತ್ತೆ, ತೇವಕ್ಕೆ ಅಲ್ಲಿ ತುಕ್ಕು ಹಿಡಿಯುತ್ತೆ. ಸಾಮಾನ್ಯವಾಗಿ ಸಿಲಿಂಡರ್ ಬಿಚ್ಚದೆ ಅದು ಕಣ್ಣಿಗೆ ಬೀಳಲ್ಲ. ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡುವ ಕಂಪ್ರೆಷನ್ ಟೆಸ್ಟ್‌ನಲ್ಲೂ ಗೊತ್ತಾಗಲ್ಲ. ಎಂಜಿನಿಯರಿಂಗ್ ಓದುವಾಗ ಕ್ಯಾಮ್‌ಶಾಫ್ಟ್ ಚಿತ್ರ ಎಷ್ಟು ಸಲ ಬರೆದಿದ್ದೀನೋ, ತುಕ್ಕಿನ ಬಗ್ಗೆ ಒಂದು ಪ್ರಶ್ನೆಯೂ ಬಂದ ನೆನಪಿಲ್ಲ! ಅದಕ್ಕೇ ತಯಾರಕರು ಈ ಎಂಜಿನ್‌ಗಳ ಓವರ್‌ಹಾಲ್‌ಗೆ ಗಂಟೆಯ ಲೆಕ್ಕ ಮಾತ್ರವಲ್ಲ, ವರ್ಷದ ಲೆಕ್ಕವನ್ನೂ ಹೇಳೋದು: ಹಲವು ಮಾದರಿಗಳಿಗೆ 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಖಾಸಗಿ ಮಾಲೀಕನಿಗೆ ಇದು ಸಲಹೆ, ಕಡ್ಡಾಯವಲ್ಲ. 500 ಗಂಟೆ ಓಡಿ ಮೂವತ್ತು ವರ್ಷ ಕಳೆದ ಎಂಜಿನ್ ಕಾಗದದ ಮೇಲೆ ಎಳೆ ಹುಡುಗ, ಒಳಗೆ ಮುದುಕ.

ಹಾಗಾದ್ರೆ ಮಾರಿದವನು ಮೋಸ ಮಾಡಿದನಾ? ಇಲ್ಲೇ ಕೇಸು ಕಗ್ಗಂಟಾಗೋದು. ಕರಾರಿನಲ್ಲಿ 'ಇದ್ದದ್ದು ಇದ್ದ ಹಾಗೇ' ಅನ್ನೋ ಷರತ್ತು ಇದ್ದರೆ, ಆಮೇಲೆ ಸಿಕ್ಕ ದೋಷಕ್ಕೆಲ್ಲ ಅವನು ಹೊಣೆ ಅಲ್ಲ. ಗೊತ್ತಿದ್ದೂ ಸುಳ್ಳು ಹೇಳಿದ, ಮುಚ್ಚಿಟ್ಟ ಅಂತಾದ್ರೆ ಮಾತು ಬೇರೆ. ಆದ್ರೆ ಅದನ್ನ ಸಾಬೀತು ಮಾಡಬೇಕಾದವನು ಕೊಂಡವನು. ಆಗ ಎಲ್ಲರೂ ಓಡೋದು ಲಾಗ್‌ಬುಕ್ ಕಡೆ. ಹಳೇ ಅಪಘಾತದ ರಿಪೇರಿ ಬರೆದಿದ್ದ ಪುಸ್ತಕವೇ 'ಕಳೆದುಹೋಗಿದೆ' ಅಂದ್ರೆ? ಕಳೆದದ್ದೋ ಕಳೆದದ್ದೋ ಮಾಡಿದ್ದೋ, ದೇವರೇ ಬಲ್ಲ.

ಇದು ದುಡ್ಡಿನ ಜಗಳ ಅಷ್ಟೇ ಅನ್ಕೋಬೇಡಿ. 2019ರ ಮೇನಲ್ಲಿ ಆಸ್ಟ್ರೇಲಿಯಾದ ಮೌಂಟ್ ಐಸಾ ಹತ್ತಿರ ಒಂದು ಹಳೇ ಸೆಸ್ನಾ 210 ಆಕಾಶದಲ್ಲೇ ಮುರಿಯಿತು. ಎರಡೂ ರೆಕ್ಕೆಗಳನ್ನು ಹೊರುವ ಅಡ್ಡತೊಲೆಯಲ್ಲಿ ಬಿರುಕಿತ್ತು. ಇಬ್ಬರು ಸತ್ತರು. ಮರುವರ್ಷ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಅಂಥ ಮಾದರಿಗಳ ಆ ಭಾಗ ಪರೀಕ್ಷಿಸಲೇಬೇಕು ಅಂತ ಆದೇಶಿಸಿತು. ಇನ್ನೊಂದು ವಿಷಯ: ಅಮೆರಿಕದ 1994ರ ಕಾನೂನಿನಂತೆ, 18 ವರ್ಷ ದಾಟಿದ ಸಣ್ಣ ವಿಮಾನ ಬಿದ್ದರೆ ಸಾಮಾನ್ಯವಾಗಿ ತಯಾರಕನ ಮೇಲೆ ದಾವೆ ಹಾಕೋಕಾಗಲ್ಲ. ವಕೀಲರ ಕಣ್ಣು ಮಾರಿದವನ, ಮೆಕ್ಯಾನಿಕ್‌ನ ಕಡೆ ತಿರುಗುತ್ತೆ.

ಖರೀದಿಗೆ ಮುಂಚೆ ಬೇರೆ ಮೆಕ್ಯಾನಿಕ್ ಹತ್ರ ತೋರಿಸೋದಕ್ಕೆ 'ಪ್ರೀ-ಬೈ' ಅಂತಾರೆ. ಅದರಲ್ಲಿ ಏನೇನು ನೋಡಬೇಕು ಅಂತ ಎಫ್‌ಎಎ ನಿಯಮದಲ್ಲಿಲ್ಲ. ಸಿಲಿಂಡರ್ ಬಿಚ್ಚಬೇಕಾ, ದೋಷ ಸಿಕ್ಕರೆ ಯಾರ ಖರ್ಚು, ಅಡ್ವಾನ್ಸ್ ವಾಪಸ್ಸಾ? ಇದೆಲ್ಲ ಮೊದಲೇ ಬರೆದುಕೊಳ್ಳದಿದ್ದರೆ ಅದೇ ಇನ್ನೊಂದು ಜಗಳ.

ವಿಮಾನ ಚೆನ್ನಾಗೇ ಇದ್ದು ಕಾಗದ ಕೈಕೊಟ್ಟ ಕೇಸೂ ಇದೆ. ಅದು ಹೊಸ ವಿಮಾನ, ಆದ್ರೆ ಅದರಲ್ಲಿ ಬಂದ ತೀರ್ಪು ಹಳೇದಕ್ಕೂ ಅನ್ವಯಿಸುತ್ತೆ. 1978ರಲ್ಲಿ ಇಲಿನಾಯ್‌ನಲ್ಲಿ ಒಂದು ದಂಪತಿ ದುಡ್ಡು ಪೂರ್ತಿ ಕೊಟ್ಟು ವಿಮಾನ ಕೊಂಡರು. ಡೀಲರ್ ಕೊಟ್ಟದ್ದು ದಾಖಲೆಗಳ ಜೆರಾಕ್ಸ್, ಜೊತೆಗೆ 'ಕಾಗದಪತ್ರ ನಾನು ನೋಡ್ಕೋತೀನಿ' ಅನ್ನೋ ಭರವಸೆ. ಅದೇ ವಿಮಾನವನ್ನ ಅವನು ಫಿಲ್ಕೋ ಏವಿಯೇಷನ್ ಅನ್ನೋ ಕಂಪನಿಗೂ ಮಾರಿದ, ಅಸಲು ದಾಖಲೆ ಅವರಿಗೆ ಕೊಟ್ಟ. ವಿಮಾನ ಇವರ ಹತ್ರ, ಕಾಗದ ಅವರ ಹತ್ರ! 1983ರಲ್ಲಿ ಸುಪ್ರೀಂ ಕೋರ್ಟ್, ಎಫ್‌ಎಎಯಲ್ಲಿ ದಾಖಲಾಗದ ಮಾರಾಟ ವಿಷಯವೇ ಗೊತ್ತಿಲ್ಲದ ಮೂರನೆಯವನ ಎದುರು ನಿಲ್ಲಲ್ಲ ಅಂತ ಹೇಳಿತು. ಫಿಲ್ಕೋಗೆ ಮೊದಲ ಮಾರಾಟದ ವಿಷಯ ನಿಜಕ್ಕೂ ಗೊತ್ತಿರಲಿಲ್ಲವಾ ಅನ್ನೋ ಪ್ರಶ್ನೆ ಕೆಳಗಿನ ಕೋರ್ಟಿಗೆ ವಾಪಸ್ ಹೋಯ್ತು. ಅಷ್ಟರಲ್ಲಿ ಆ ದಂಪತಿ ದುಡ್ಡು ಕೊಟ್ಟು ಐದು ವರ್ಷ ಕಳೆದಿತ್ತು.