ಹಿಟ್ಲರ್‌ಗೆ ಮತ ಬಿದ್ದದ್ದು ಯಾವಾಗ?

1914ರಲ್ಲಿ ಒಂದು ಡಾಲರಿಗೆ 4.2 ಜರ್ಮನ್ ಮಾರ್ಕ್. 1923ರ ನವೆಂಬರಿನಲ್ಲಿ ಅದೇ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್!

ಮೊದಲ ಮಹಾಯುದ್ಧದ ಖರ್ಚನ್ನು ಜರ್ಮನಿ ತೆರಿಗೆಗಿಂತ ಹೆಚ್ಚಾಗಿ ಸಾಲಪತ್ರ ಮಾರಿ ಹೊಂದಿಸಿತ್ತು. ಗೆದ್ದ ಮೇಲೆ ಸೋತವರಿಂದ ವಸೂಲಿ ಮಾಡಿಕೊಳ್ಳುವ ಲೆಕ್ಕಾಚಾರ ಅದು. ಸೋತದ್ದು ತಾನೇ. 1921ರಲ್ಲಿ ಗೆದ್ದವರು ಹೇರಿದ ಪರಿಹಾರ 13,200 ಕೋಟಿ ಚಿನ್ನದ ಮಾರ್ಕ್. ಅದರಲ್ಲಿ 8,200 ಕೋಟಿ ಕಾಗದದ ಮೇಲಷ್ಟೇ ಇದ್ದ ಮೊತ್ತ, ಕೇಳಿದವರಿಗೂ ಅದು ಬರುವ ನಂಬಿಕೆ ಇರಲಿಲ್ಲ. ಕಂತು ತಪ್ಪಿದ್ದಕ್ಕೆ 1923ರ ಜನವರಿಯಲ್ಲಿ ಫ್ರೆಂಚ್ ಮತ್ತು ಬೆಲ್ಜಿಯನ್ ಸೇನೆಗಳು ರೂರ್ ಕಲ್ಲಿದ್ದಲು ಪ್ರದೇಶಕ್ಕೆ ನುಗ್ಗಿದವು. ಅದನ್ನು ಪ್ರತಿಭಟಿಸಿ ಅಲ್ಲಿ ಕೆಲಸ ನಿಲ್ಲಿಸಿ ಕೂತವರಿಗೆ ಜರ್ಮನ್ ಸರ್ಕಾರ ನೋಟು ಮುದ್ರಿಸಿಯೇ ಸಂಬಳ ಕೊಟ್ಟಿತು.

1922ರ ಕೊನೆಗೆ ಬರ್ಲಿನ್‌ನಲ್ಲಿ 160 ಮಾರ್ಕಿಗೆ ಸಿಗುತ್ತಿದ್ದ ಬ್ರೆಡ್ಡು ಮರುವರ್ಷದ ಕೊನೆಯ ಹೊತ್ತಿಗೆ 20,000 ಕೋಟಿಗೆ ಏರಿತು. ಹಳೆಯ 1,000 ಮಾರ್ಕಿನ ನೋಟಿನ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಡ್ಡ 100 ಕೋಟಿ ಎಂದು ಒತ್ತಿ ಚಲಾವಣೆಗೆ ಬಿಟ್ಟರು. ಹೊಸ ನೋಟು ಅಚ್ಚು ಹಾಕುವಷ್ಟೂ ಪುರಸೊತ್ತಿರಲಿಲ್ಲ. ಸಾಲಗಾರರಿಗೆ ಮಾತ್ರ ಇದು ಸುಗ್ಗಿ. ಎಲ್ಲರಿಗಿಂತ ದೊಡ್ಡ ಸಾಲಗಾರ ಸರ್ಕಾರವೇ ತಾನೆ: ಸುಮಾರು 15,000 ಕೋಟಿಯ ಯುದ್ಧಸಾಲ 1914ರ ಬೆಲೆಯಲ್ಲಿ 15 ಫೆನಿಗ್‌ಗೆ, ಅಂದರೆ ಒಂದು ಮಾರ್ಕಿನ ಏಳನೇ ಒಂದು ಪಾಲಿಗೆ, ಇಳಿಯಿತು. ದೇಶಭಕ್ತಿಯಿಂದ ಸಾಲಪತ್ರ ಕೊಂಡ ನಿವೃತ್ತ ಮೇಷ್ಟರು, ವಿಧವೆಯರು ಬೀದಿಗೆ ಬಿದ್ದರು.

ಹಿಟ್ಲರ್‌ನನ್ನು ತಂದದ್ದು ಈ ಹಣದುಬ್ಬರವೇ ಎಂಬ ಮಾತು ಬಾಯಿಂದ ಬಾಯಿಗೆ ನಡೆದು ಬಂದಿದೆ. ಮತ ಎಣಿಸಿ ನೋಡಿದರೆ ಅದು ನಿಲ್ಲುವುದಿಲ್ಲ. ಗಾಯ ಹಸಿಯಾಗಿದ್ದ 1924ರ ಮೇನಲ್ಲಿ ನಾಜಿಗಳಿದ್ದ ಕೂಟಕ್ಕೆ ಬಿದ್ದದ್ದು 6.5%. 1928ರಲ್ಲಿ ನಾಜಿಗಳಿಗೆ 2.6%, ಸ್ಥಾನ 12.

ಆಮೇಲೆ ಬಂದದ್ದು 1929ರ ಅಮೆರಿಕದ ಷೇರುಪೇಟೆ ಕುಸಿತ. ಅಲ್ಲಿಂದ ಜರ್ಮನಿಗೆ ಬರುತ್ತಿದ್ದ ಸಾಲ ನಿಂತಿತು. 1930ರಲ್ಲಿ ಚಾನ್ಸಲರ್ ಆದ ಬ್ರೂನಿಂಗ್ ಸಂಬಳಕ್ಕೂ ನಿರುದ್ಯೋಗ ಭತ್ಯೆಗೂ ಕತ್ತರಿ ಹಾಕಿದರು. 1928ರಲ್ಲಿ ಸುಮಾರು 14 ಲಕ್ಷವಿದ್ದ ನಿರುದ್ಯೋಗಿಗಳು 1932ರ ಆರಂಭಕ್ಕೆ 60 ಲಕ್ಷ ದಾಟಿದರು. ಬ್ರೆಡ್ಡಿನ ಬೆಲೆ ಈಗ ಇಳಿದಿತ್ತು, ಕೊಳ್ಳಲು ಸಂಬಳವಿರಲಿಲ್ಲ. ನಾಜಿ ಮತ 1930ರಲ್ಲಿ 18.3%ಕ್ಕೆ ಜಿಗಿಯಿತು. ಕೆಲಸ ಕಳೆದುಕೊಂಡವರಲ್ಲಿ ಬಹಳಷ್ಟು ಮಂದಿ ಕಮ್ಯುನಿಸ್ಟರ ಕಡೆ ಹೋದರು. ಮುಂದಿನ ಸರದಿ ತಮ್ಮದೇ ಎಂದು ಹೆದರಿದ ಅಂಗಡಿಕಾರರು, ರೈತರು ಹಿಟ್ಲರ್ ಕಡೆ ವಾಲಿದರು.

1932ರ ಜುಲೈ 9ರಂದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಪರಿಹಾರ ಹೇರಿದವರೇ ಅದನ್ನು 300 ಕೋಟಿ ಮಾರ್ಕಿಗೆ ಇಳಿಸಿ ಕೈತೊಳೆದುಕೊಂಡರು. ಜುಲೈ 31ರ ಚುನಾವಣೆಯಲ್ಲಿ ನಾಜಿಗಳಿಗೆ 37.3% ಮತ, 230 ಸ್ಥಾನ.