ಹೊರಗಿದ್ದ ಎಡೆ

ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವ ಪದ್ಧತಿ ಇದೆ. ಬಾಳೆ ಎಲೆಯ ಮೇಲೆ ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ವೀಳ್ಯದೆಲೆ, ಹೊಸ ಪಂಚೆ, ಸೀರೆ. ತಾತ ಹೋದ ಮೇಲೆ ಅವರಿಗೊಂದು, ಅಜ್ಜಿಗೊಂದು, ಮುತ್ತಜ್ಜಿಗೊಂದು ಎಲೆ ನಡುಮನೆಯಲ್ಲಿ ಸಾಲಾಗಿ ಬೀಳುತ್ತಿದ್ದವು. ಒಂದು ಎಲೆ ಮಾತ್ರ ಹೊರಗೆ, ಜಗಲಿಯ ಮೂಲೆಯಲ್ಲಿ. ಅದು ನನ್ನ ಮುತ್ತಾತನದು.

ಚಿಕ್ಕವಳಿದ್ದಾಗ ತಾತನನ್ನು ಕೇಳಿದ್ದೆ, "ಯಾಕ್ ತಾತ, ಮುತ್ತಾತಂಗೆ ಮಾತ್ರ ಹೊರಗೆ?" ಅಂತ.

"ಅವರು ಹೊರಗೇ ಹೋದೋರು ಕಣಮ್ಮ" ಅಂದು ತಾತ ಎದ್ದು ಹೋಗಿದ್ದರು. ಆ ಉತ್ತರ ಅರ್ಥವಾಗಲು ನನಗೆ ನಲವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ನಮ್ಮೂರು ಬೇತಮಂಗಲದ ಹತ್ತಿರ. ಊರ ದಿಬ್ಬ ಹತ್ತಿದರೆ ದೂರದಲ್ಲಿ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಬೂದುಬಣ್ಣದಲ್ಲಿ ಕಾಣುತ್ತವೆ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲದ ಒಳಗಿನ ಕಲ್ಲನ್ನು ಪುಡಿಮಾಡಿ ಹೊರಗೆ ಸುರಿದ ರಾಶಿ ಅದು. ಸಿನಿಮಾ ನೋಡಿದವರಿಗೆ ಕೆಜಿಎಫ್ ಅಂದರೆ ಬೇರೆ ಏನೋ. ನಮಗೆ ಅದು ಮುತ್ತಾತ ದುಡಿಯಲು ಹೋದ ಜಾಗ.

ಆ ಊರು ಹುಟ್ಟಿದ್ದೇ ಒಂದು ಸಾಹಸದಿಂದ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಯಾರ ಹೆಸರಿದೆಯೋ ಆ ಮೈಕೇಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ 1875ರಲ್ಲಿ ಮೈಸೂರು ಸರ್ಕಾರದಿಂದ ಇಲ್ಲಿ ಚಿನ್ನ ತೆಗೆಯುವ ಹಕ್ಕು ಪಡೆದ. ಅವನ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. 1880ರ ನಂತರ ಇಂಗ್ಲೆಂಡಿನ ಕಂಪನಿಗಳು ಬಂದವು. ಅವೂ ಮೊದಮೊದಲು ಸೋತು, ಇನ್ನೇನು ಬಾಗಿಲು ಹಾಕಬೇಕು ಅನ್ನುವಾಗ ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಸಿಕ್ಕಿತು. ಅಲ್ಲಿಂದ ಜನ ಬರತೊಡಗಿದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತವರದ ಗಣಿಯಲ್ಲಿ ಪಳಗಿದವರು ಮೇಲಿನ ಕೆಲಸಕ್ಕೆ ಬಂದರು. ಉತ್ತರ ಆರ್ಕಾಟು, ಚಿತ್ತೂರಿನ ಕಡೆಯಿಂದ ತಮಿಳರು, ತೆಲುಗರು ಸುರಂಗದ ಕೆಲಸಕ್ಕೆ ಬಂದರು. ಪೊದೆ, ಬಂಡೆ ಇದ್ದ ಜಾಗದಲ್ಲಿ ಬಿದಿರು ತಟ್ಟಿಯ ಗುಡಿಸಲುಗಳ ಸಾಲು ಎದ್ದಿತು. ಅದಕ್ಕೆ 'ಲೈನು' ಅಂತ ಹೆಸರು. 1901ರ ಜನಗಣತಿಯ ಹೊತ್ತಿಗೆ ಅಲ್ಲಿ 38 ಸಾವಿರಕ್ಕೂ ಹೆಚ್ಚು ಜನ ಇದ್ದರು.

ನಮ್ಮ ಮುತ್ತಾತ ಮೊದಲು ಹೋದದ್ದು ಚಿನ್ನಕ್ಕಲ್ಲ, ಸೌದೆಗೆ. ಆಗ ಗಣಿಯ ಯಂತ್ರಗಳೆಲ್ಲ ಉಗಿಯಿಂದ ನಡೆಯುತ್ತಿದ್ದವು. ಬಾಯ್ಲರ್‌ಗಳಿಗೆ ಎಷ್ಟು ಸೌದೆ ಹಾಕಿದರೂ ಸಾಲದು. ಸುತ್ತಲಿನ ಹಳ್ಳಿಗಳ ಗಾಡಿಗಳು ಕಾಡು ಕಡಿದು ಸೌದೆ ಹೊತ್ತು ಸಾಗುತ್ತಿದ್ದವು. ಮುತ್ತಾತನಿಗೆ ಒಂದು ಜೋಡಿ ಎತ್ತು, ಒಂದು ಗಾಡಿ. ರಾತ್ರಿ ಊರು ಬಿಟ್ಟರೆ ಬೆಳಗಿನ ಹೊತ್ತಿಗೆ ಗಣಿ. ಒಳ್ಳೆಯ ಸಂಪಾದನೆ, ಒಂದೆರಡು ಎಕರೆ ಜಮೀನನ್ನೂ ಕೊಂಡರಂತೆ.

1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. ಗಾಡಿಗಳಿಗೆ ಕೆಲಸ ಕಡಿಮೆಯಾಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬರುವುದಕ್ಕೂ ಮೂರು ವರ್ಷ ಮುಂಚೆ! ನಾವೆಲ್ಲ ಇದನ್ನು ಶಾಲೆಯಲ್ಲಿ ಹೆಮ್ಮೆಯಿಂದ ಓದಿದ್ದೇವೆ. ಆ ಹೆಮ್ಮೆಯ ತಂತಿ ನಮ್ಮ ಮುತ್ತಾತನ ಗಾಡಿಯ ಕೆಲಸಕ್ಕೆ ಕೊನೆ ಹಾಡಿತು ಅಂತ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಉಗಿ ಯಂತ್ರ ಹೋದರೆ ಸೌದೆ ಯಾರಿಗೆ ಬೇಕು? ಎತ್ತು ಮಾರಿದರು. ಗಾಡಿ ಮಾತ್ರ ಕೊಟ್ಟಿಗೆಯಲ್ಲಿ ಉಳಿಯಿತು. ಮುತ್ತಾತ ಸುರಂಗಕ್ಕೆ ಇಳಿದರು.

ಅವರದು ಕಲ್ಲು ಕೊರೆಯುವ ಕೆಲಸ. ಗಾಳಿಯ ಒತ್ತಡದಿಂದ ನಡೆಯುವ ಡ್ರಿಲ್ ಹಿಡಿದು ಬಂಡೆಗೆ ತೂತು ಮಾಡಬೇಕು. ಆಮೇಲೆ ಅದರಲ್ಲಿ ಮದ್ದು ತುಂಬಿ ಸಿಡಿಸುತ್ತಾರೆ. ಕೆಜಿಎಫ್‌ನ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದಲ್ಲಿ. ವಾರಕ್ಕೊಮ್ಮೆ ಊರಿಗೆ ಬಂದಾಗ ಹುಬ್ಬು, ಮೀಸೆ, ಕಿವಿಯೊಳಗೆಲ್ಲ ಬಿಳಿ ಧೂಳು. ಮುತ್ತಜ್ಜಿ "ಹಿಟ್ಟಿನ ಗಿರಣಿಯಿಂದ ಬಂದಂಗೆ ಬತ್ತಾರೆ" ಅಂತ ನಗುತ್ತಿದ್ದರಂತೆ.

ಲೈನಿನಲ್ಲಿದ್ದ ಹೆಂಗಸರಿಗೆ ದೊಡ್ಡ ಭಯ ಅಂದರೆ ಏರ್ ಬ್ಲಾಸ್ಟ್. ಆಳದಲ್ಲಿ ಬಂಡೆ ತನ್ನ ಭಾರಕ್ಕೆ ತಾನೇ ಸಿಡಿಯುವುದಕ್ಕೆ ಅಲ್ಲಿನವರ ಹೆಸರು ಅದು. ಮೇಲಿನ ಗುಡಿಸಲಲ್ಲಿ ಪಾತ್ರೆಗಳು ಗಡಗಡ ಅಲ್ಲಾಡಿದರೆ ಎಲ್ಲರೂ ಗಣಿಯ ಬಾಯಿಗೆ ಓಡುತ್ತಿದ್ದರು. ಮುತ್ತಾತ ಅಂಥವೆಷ್ಟೋ ಸಿಡಿತಗಳಿಂದ ಪಾರಾಗಿ ಬಂದರು. ಸದ್ದೇ ಮಾಡದ ಧೂಳಿನಿಂದ ಪಾರಾಗಲಿಲ್ಲ.

ಇಪ್ಪತ್ತು ವರ್ಷದ ದುಡಿಮೆ ಆದ ಮೇಲೆ ಕೆಮ್ಮು ಶುರುವಾಯಿತು. ಮೊದಲು ದಿಬ್ಬ ಹತ್ತುವಾಗ ಏದುಸಿರು, ಆಮೇಲೆ ಕೂತಲ್ಲೇ ಏದುಸಿರು. ಕೆಲಸ ಹೋಯಿತು. 1925ರ ಹೊತ್ತಿಗೆ ಊರಿಗೆ ಬಂದರು. ಊರಿನವರು ನೋಡಿದ ಕೂಡಲೇ ಹೇಳಿದ್ದು ಒಂದೇ ಮಾತು, "ಕ್ಷಯ."

ಆ ಕಾಲದಲ್ಲಿ ಆ ಮಾತು ಅಂದರೆ ತೀರ್ಪು. ಮುತ್ತಾತನ ಅಣ್ಣ ಯಜಮಾನರು. ಮನೆಯಲ್ಲಿ ಮಕ್ಕಳಿದ್ದಾರೆ ಅಂತ ಹೇಳಿ ತಮ್ಮನನ್ನು ಕೊಟ್ಟಿಗೆಗೆ ಕಳಿಸಿದರು. ಬೇರೆ ತಟ್ಟೆ, ಬೇರೆ ಚೆಂಬು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಮುತ್ತಾತ ರಾತ್ರಿಯೆಲ್ಲ ತಮ್ಮ ಹಳೆಯ ಸೌದೆ ಗಾಡಿಯ ಚಕ್ರಕ್ಕೆ ಒರಗಿ ಕೂತೇ ಇರುತ್ತಿದ್ದರು.

ನಮ್ಮ ತಾತನಿಗೆ ಆಗ ಎಂಟು ವರ್ಷ. ಹೋಗುವುದಕ್ಕೆ ಕೆಲವು ತಿಂಗಳ ಮುಂಚೆ, ಒಂದು ಸಂಜೆ ಅವರಾಗಿಯೇ ಅಪ್ಪನಿಗೂ ನನಗೂ ಹೇಳಿದರು. "ನಮ್ಮಪ್ಪ ನೀರು ಕೇಳ್ತಾ ಇದ್ರು. ನಾನು ಚೆಂಬು ತಗೊಂಡು ಹೋದೆ. ದೊಡ್ಡಪ್ಪ ತೋಳು ಹಿಡಿದು ಎಳ್ಕೊಂಡ್ರು. ಒಂದು ವರ್ಷ ಹಂಗೇ ದೂರದಿಂದ ನೋಡ್ತಾ ಇದ್ದೆ. ಮಣ್ಣಿಗಿಡೋವಾಗ ಕೈಮುಗಿದು ಕಾಲು ಮುಟ್ಟು ಅಂದ್ರು. ಅವತ್ತೇ ನಾನು ನಮ್ಮಪ್ಪನ್ನ ಮುಟ್ಟಿದ್ದು." ಎಪ್ಪತ್ತು ವರ್ಷ ಆಗಿತ್ತು. ಅವರ ಕೈ ನಡುಗುತ್ತಿತ್ತು.

ಮುತ್ತಾತ ಹೋದರೂ ಆ ಮಾತು ಹೋಗಲಿಲ್ಲ. ನನ್ನ ಸೋದರತ್ತೆಗೆ ಹದಿನೆಂಟು ವರ್ಷದಲ್ಲಿ ಒಂದು ಒಳ್ಳೆಯ ಸಂಬಂಧ ಬಂದಿತ್ತು. ವೀಳ್ಯಶಾಸ್ತ್ರಕ್ಕೆ ದಿನ ಗೊತ್ತಾದ ಮೇಲೆ ಯಾರೋ ಹೋಗಿ "ಅದು ಕ್ಷಯದ ವಂಶ" ಅಂದರಂತೆ. ಸಂಬಂಧ ಮುರಿಯಿತು. ಆಮೇಲೆ ಬಂದದ್ದನ್ನು ಒಪ್ಪಿಕೊಂಡರು. ಆ ಸಂಸಾರದ ಕಷ್ಟ ಇಲ್ಲಿ ಬೇಡ.

ಮೂರು ವರ್ಷದ ಹಿಂದೆ ಅಪ್ಪನಿಗೆ ಬಿಡದ ಕೆಮ್ಮು. ಎದೆಯ ವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ವಾಡಿಕೆಯಂತೆ "ಮನೇಲಿ ಯಾರಿಗಾದ್ರೂ ಟಿಬಿ ಇತ್ತಾ?" ಅಂತ ಕೇಳಿದರು. ಅಪ್ಪ ತಲೆ ತಗ್ಗಿಸಿದರು. ನಾನೇ ಹೇಳಿದೆ, ಮುತ್ತಾತನಿಗೆ ಇತ್ತು ಅಂತ.

"ಏನ್ ಕೆಲಸ ಮಾಡ್ತಿದ್ರು?"

"ಕೆಜಿಎಫ್‌ನಲ್ಲಿ ಕಲ್ಲು ಕೊರೀತಿದ್ರು. ಇಪ್ಪತ್ತು ವರ್ಷ."

ವೈದ್ಯರು ಬರೆಯುವುದನ್ನು ನಿಲ್ಲಿಸಿದರು. "ಅವರ ಹೆಂಡ್ತಿ?"

"ಎಂಬತ್ತು ದಾಟಿ ಬದುಕಿದ್ರು."

"ಮಕ್ಕಳು?"

"ನಮ್ಮ ತಾತನೂ ಹಂಗೇ. ಯಾರಿಗೂ ಏನೂ ಆಗಿಲ್ಲ."

ಆಗ ಅವರು ಸಿಲಿಕೋಸಿಸ್ ಬಗ್ಗೆ ವಿವರಿಸಿದರು. ಬೆಣಚುಕಲ್ಲು ಅಂದರೆ ಸಿಲಿಕಾ. ಅದನ್ನು ಕೊರೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತವೆ. ದೇಹ ಅವನ್ನು ಕರಗಿಸಲಾರದು. ಅವುಗಳ ಸುತ್ತ ಗಂಟು ಕಟ್ಟಿಕೊಳ್ಳುತ್ತದೆ. ಮೆತ್ತಗಿರಬೇಕಾದ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುತ್ತದೆ. ಕೆಲಸ ಬಿಟ್ಟ ಮೇಲೂ ಅದು ನಿಲ್ಲುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಮಾತ್ರ ಹರಡುವುದಿಲ್ಲ. "ಇಂಥ ಶ್ವಾಸಕೋಶಕ್ಕೆ ಟಿಬಿ ಬೇಗ ಅಂಟುತ್ತೆ. ಕೊನೇಲಿ ಅದೂ ಇದ್ದಿರಬಹುದು. ಆದ್ರೆ ನೀವು ಹೇಳೋದು ನೋಡಿದ್ರೆ ಮೊದಲು ಬಂದಿದ್ದು ಧೂಳು" ಅಂದರು. ಅಪ್ಪನಿಗೆ ಇದ್ದದ್ದು ಸಾಮಾನ್ಯ ಸೋಂಕು, ಹದಿನೈದು ದಿನದಲ್ಲಿ ವಾಸಿಯಾಯಿತು.

ಮನೆಗೆ ಬಂದು ನಾನು ಓದತೊಡಗಿದೆ. ಮೈಸೂರು ಸರ್ಕಾರ ಸಿಲಿಕೋಸಿಸ್‌ಗೆ ಪರಿಹಾರ ಕೊಡುವ ನಿಯಮ ಮಾಡಿದ್ದು 1940ರಲ್ಲಿ. ಅದಾದ ಮೇಲೆ ಕೆಜಿಎಫ್‌ನಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆ ಪರೀಕ್ಷೆ ಮಾಡಿದಾಗ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಕಂಡಿತು. ಮುತ್ತಾತ ಸತ್ತು ಆಗಲೇ ಹದಿನೈದು ಇಪ್ಪತ್ತು ವರ್ಷ ಆಗಿತ್ತು. ಅವರ ಸಾವಿಗೆ ಹೆಸರು ಬರುವ ಮೊದಲೇ ಅವರು ಹೋಗಿದ್ದರು. ಅದಕ್ಕೇ ಊರು ತನಗೆ ಗೊತ್ತಿದ್ದ ಹೆಸರು ಇಟ್ಟಿತು.

ಯಜಮಾನರನ್ನು ಬೈಯಲು ನನಗೆ ಮನಸ್ಸಿಲ್ಲ. ಮದ್ದಿಲ್ಲದ ಕಾಲದಲ್ಲಿ ಮಕ್ಕಳನ್ನು ಉಳಿಸಿಕೊಳ್ಳಲು ಅವರಿಗೆ ತಿಳಿದದ್ದನ್ನು ಮಾಡಿದರು. ಆದರೆ ಎಂಟು ವರ್ಷದ ಒಬ್ಬ ಹುಡುಗ ಚೆಂಬು ಹಿಡಿದು ನಿಂತದ್ದು ನನ್ನ ಕಣ್ಣಿಂದ ಹೋಗುವುದಿಲ್ಲ. ತಾತನಿಗೆ ಇದನ್ನು ಹೇಳಲಾಗಲಿಲ್ಲವಲ್ಲ ಅನ್ನುವುದೊಂದೇ ಕೊರಗು.

ಹೋದ ವರ್ಷದ ಅಮಾವಾಸ್ಯೆಗೆ ಊರಿಗೆ ಹೋದಾಗ ಎಲ್ಲರನ್ನೂ ಕೂರಿಸಿ ಹೇಳಿದೆ. ಮುತ್ತಾತನ ಎಡೆ ಒಳಗಿಡೋಣ ಅಂದೆ. ಅಪ್ಪ ಆಗಲಿ ಅಂದರು. ಅತ್ತೆಗೆ ಈಗ ಎಂಬತ್ತನಾಲ್ಕು. ಗೋಡೆಗೆ ಒರಗಿ ಕೂತಿದ್ದ ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೋಪದಿಂದಲೇ ಕೇಳಿದರು, "ಈಗ ಹೇಳ್ತೀಯಲ್ಲೇ ಮಗಳೇ. ನಂಗೆ ಹದಿನೆಂಟು ವರ್ಷ ಇದ್ದಾಗ ಎಲ್ಲಿದ್ರೇ ನಿಮ್ಮ ಡಾಕ್ಟ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಗೊತ್ತಾದರೆ ಎಲ್ಲರಿಗೂ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ತಡವಾಗಿ ಬಂದ ನಿಜ ಕೆಲವರಿಗೆ ಹೊಸದಾಗಿ ನೋಯಿಸುತ್ತದೆ ಅಂತ ಅವತ್ತು ಗೊತ್ತಾಯಿತು.

ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ಆ ಧೂಳು ಮುಗಿದಿಲ್ಲ. ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಗ್ರಾನೈಟ್ ಪಾಲಿಶ್, ಕಲ್ಲಿನ ಕೆತ್ತನೆ, ಮನೆ ಕಟ್ಟುವಾಗ ಟೈಲ್ಸ್ ಕತ್ತರಿಸುವುದು, ಎಲ್ಲದರಲ್ಲೂ ಅದೇ ಸಿಲಿಕಾ. ನೀರು ಹಾಕುತ್ತ ಕತ್ತರಿಸಿದರೆ ಧೂಳು ಬಹಳ ಕಡಿಮೆಯಾಗುತ್ತದೆ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು. ನಿಮ್ಮ ಮನೆಯಲ್ಲಿ ಅಂಥ ಕೆಲಸ ಮಾಡುವವರಿಗೆ ಕೆಮ್ಮು ಬಂದರೆ, ಡಾಕ್ಟರಿಗೆ ಕೆಮ್ಮಿನ ಜೊತೆ ಕೆಲಸವನ್ನೂ ಹೇಳಿ. ಸಿಲಿಕೋಸಿಸ್ ಈಗ ಕಾನೂನಿನ ಪ್ರಕಾರ ಪರಿಹಾರ ಸಿಗುವ ಔದ್ಯೋಗಿಕ ಕಾಯಿಲೆ.

ಅವತ್ತು ಎಡೆಯ ಹೊತ್ತಾಯಿತು. ನಾನು ಮುತ್ತಾತನ ಎಲೆ ಎಲ್ಲಿಡಲಿ ಅಂತ ತಿಳಿಯದೆ ಹೊಸ್ತಿಲಲ್ಲಿ ನಿಂತಿದ್ದೆ. ಅತ್ತೆ ಗೋಡೆ ಹಿಡಿದು ಎದ್ದರು. ನನ್ನ ಕೈಯಿಂದ ಎಲೆ ತೆಗೆದುಕೊಂಡು ನಡುಮನೆಗೆ ಹೋಗಿ, ಮುತ್ತಜ್ಜಿಯ ಎಲೆಯ ಪಕ್ಕದಲ್ಲಿ ಹಾಸಿದರು.

"ಮೊದಲು ನೀರಿಡು. ಅವರು ನೀರು ಕೇಳಿದ್ರಂತೆ" ಅಂದರು.