ನಾಲ್ಕು ತಂತಿಗಳ ಸರದಿ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ. ಎಚ್. ರಸ್ತೆಯಲ್ಲಿ ಅಪರೂಪಕ್ಕೊಮ್ಮೆ ಹಳೆಯ ಅಂಬಾಸಡರ್ ಕಾರು ಇಂದಿಗೂ ಕಣ್ಣಿಗೆ ಬೀಳುವುದುಂಟು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯನ್ನು ಅನುಸರಿಸಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ಆದರೂ ಅಭಿಮಾನದಿಂದ ಅದನ್ನು ಉಳಿಸಿಕೊಂಡವರು ಇದ್ದಾರೆ. ಅಂಥವರನ್ನು ಒಂದಲ್ಲ ಒಂದು ದಿನ ಕಾಡುವ ಒಗಟು ಇದು: ಸ್ಪಾರ್ಕ್ ಪ್ಲಗ್ಗುಗಳ ನಾಲ್ಕು ತಂತಿಗಳನ್ನು ಕಳಚಿ ಆಯಿತು; ಈಗ ಯಾವ ತಂತಿಯನ್ನು ಯಾವ ಪ್ಲಗ್ಗಿಗೆ ಸಿಕ್ಕಿಸಬೇಕು?

ಕಲಾವಿಭಾಗದ ನಮಗೆ ಈ ಯಂತ್ರದ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಈ ಒಗಟನ್ನು ಬಿಡಿಸಲು ಬೇಕಾದದ್ದು ದೊಡ್ಡ ಗಣಿತವಲ್ಲ, ತರ್ಕ. ತರ್ಕಶಾಸ್ತ್ರವಂತೂ ನಮ್ಮದೇ ಹೊಲ. ನಾಲ್ಕು ತಂತಿಗಳನ್ನು ನಾಲ್ಕು ಪ್ಲಗ್ಗುಗಳಿಗೆ 24 ವಿಧವಾಗಿ ಸಿಕ್ಕಿಸಬಹುದು. ಅವುಗಳಲ್ಲಿ ಸರಿಯಾದದ್ದು ಒಂದೇ. ಉಳಿದ 23ನ್ನೂ ಪರೀಕ್ಷಿಸುತ್ತ ಕುಳಿತರೆ ಬ್ಯಾಟರಿ ಬರಿದಾದೀತು. ವಿಚಾರ ಮಾಡಿದರೆ ಹತ್ತು ನಿಮಿಷ ಸಾಕು.

ಮೊದಲು ಎಂಜಿನ್ನಿನ ಕೆಲಸವನ್ನು ತಿಳಿಯೋಣ. ಪ್ರತಿಯೊಂದು ಸಿಲಿಂಡರಿನಲ್ಲೂ ಪಿಸ್ಟನ್ನು ನಾಲ್ಕು ಕೆಲಸಗಳನ್ನು ಕ್ರಮವಾಗಿ ಮಾಡುತ್ತದೆ: ಪೆಟ್ರೋಲು ಬೆರೆತ ಗಾಳಿಯನ್ನು ಹೀರುವುದು, ಅದನ್ನು ಒತ್ತುವುದು, ಉರಿಯ ಬಲದಿಂದ ಕೆಳಗಿಳಿಯುವುದು, ಹೊಗೆಯನ್ನು ಉಗುಳುವುದು. ಈ ನಾಲ್ಕು ಮುಗಿಯುವುದರೊಳಗೆ ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗುತ್ತದೆ. ಎರಡು ಸುತ್ತಿಗೆ ನಾಲ್ಕು ಸಿಲಿಂಡರುಗಳು ಒಂದೊಂದು ಸಲ ಉರಿಯಬೇಕಾದ್ದರಿಂದ ಪ್ರತಿ ಅರ್ಧ ಸುತ್ತಿಗೆ ಒಂದು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತು ಓಡುವ ಎಂಜಿನ್ನಿಗೆ ಸೆಕೆಂಡಿಗೆ ನೂರು ಕಿಡಿಗಳಾದವು! ಅವನ್ನು ಹಂಚುವವನೇ ಡಿಸ್ಟ್ರಿಬ್ಯೂಟರು. ಅದರ ಮುಚ್ಚಳದೊಳಗೆ ರೋಟರ್ ಎಂಬ ಸಣ್ಣ ಕೈ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತ ನಾಲ್ಕು ತಂತಿಗಳಿಗೂ ಸರದಿಯಂತೆ ವಿದ್ಯುತ್ತನ್ನು ಕೊಡುತ್ತದೆ.

ಹಾಗಾದರೆ ಸರದಿ 1, 2, 3, 4 ಎಂದೇಕೆ ಇರಬಾರದು? ಕಾರಣ ಕ್ರ್ಯಾಂಕ್ ದಂಡದ ಆಕಾರದಲ್ಲಿದೆ. ಸಾಲಾಗಿ ನಿಂತ ನಾಲ್ಕು ಪಿಸ್ಟನ್ನುಗಳಲ್ಲಿ ಕೊನೆಯ ಎರಡು, ಅಂದರೆ 1 ಮತ್ತು 4, ಒಟ್ಟಿಗೆ ಏರುತ್ತವೆ. ಆಗ ನಡುವಿನ 2 ಮತ್ತು 3 ಒಟ್ಟಿಗೆ ಇಳಿಯುತ್ತವೆ. ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. 1 ಉರಿದ ಅರ್ಧ ಸುತ್ತಿನ ಬಳಿಕ ಮೇಲೆ ಬಂದಿರುವವು 2 ಮತ್ತು 3 ಮಾತ್ರ. ಆದುದರಿಂದ ಎರಡನೆಯ ಸರದಿ ಇವೆರಡರಲ್ಲಿ ಒಂದಕ್ಕೇ ಸಲ್ಲಬೇಕು. ಮೂರನೆಯ ಸರದಿ ನಿಸ್ಸಂದೇಹವಾಗಿ 4ರದು. ಉಳಿದದ್ದು ಕೊನೆಗೆ. ಹೀಗೆ ಸಾಧ್ಯವಾದ ಸರದಿಗಳು ಎರಡೇ: 1-3-4-2 ಅಥವಾ 1-2-4-3. ಅಂಬಾಸಡರಿನ 1489 ಸಿ.ಸಿ. ಎಂಜಿನ್ನು ಮೊದಲನೆಯದನ್ನು ಅನುಸರಿಸುತ್ತದೆ. ವಿಲ್ಲಿಸ್ ಜೀಪಿನದೂ ಅದೇ. ಫೋರ್ಡ್ ಕಂಪನಿಯ ಹಳೆಯ ಮಾಡೆಲ್ ಟಿ ಗಾಡಿಯದು ಎರಡನೆಯದು.

ಪುಸ್ತಕವಿಲ್ಲದಿದ್ದರೂ ಇದನ್ನು ಕಂಡುಹಿಡಿಯಬಹುದು. ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ರೇಡಿಯೇಟರಿನ ಪಕ್ಕದ ಮೊದಲನೆಯ ರಂಧ್ರದ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿಯಬೇಕು. ಇಗ್ನಿಷನ್ ಬಂದ್ ಮಾಡಿ, ಗಾಡಿಯನ್ನು ಗೇರಿನಿಂದ ಬಿಡಿಸಿ, ಇನ್ನೊಬ್ಬರು ಹ್ಯಾಂಡಲಿನಿಂದ ಎಂಜಿನ್ನನ್ನು ಮೆಲ್ಲನೆ ತಿರುಗಿಸಬೇಕು. ಗಾಳಿ ಬೆರಳನ್ನು ತಳ್ಳಿದರೆ 1ನೆಯದು ಒತ್ತುತ್ತಿದೆ ಎಂದರ್ಥ. ಮುಂದೆ ಅರ್ಧ ಸುತ್ತಿನಲ್ಲಿ 2ರ ರಂಧ್ರ ತಳ್ಳುವುದೋ 3ರದೋ ನೋಡಿದರೆ ಸರದಿ ಗೊತ್ತಾಯಿತು.

ಇಲ್ಲಿ ಒಂದು ಎಚ್ಚರಿಕೆ. ಪುಲ್ಲಿಯ ಮೇಲಿನ ಗುರುತನ್ನು ಮಾತ್ರ ನಂಬಬಾರದು. 1ನೆಯ ಪಿಸ್ಟನ್ನು ಒತ್ತುವಾಗ ಒಮ್ಮೆ, ಹೊಗೆ ಉಗುಳುವಾಗ ಒಮ್ಮೆ, ಹೀಗೆ ಎರಡು ಸಲ ಮೇಲೆ ಬರುತ್ತದೆ. ಗುರುತು ಎರಡು ಸಲವೂ ಕೂಡುತ್ತದೆ. ಬೆರಳನ್ನು ತಳ್ಳಿದ ಸಲವೇ ನಿಜವಾದದ್ದು. ಆಗ ರೋಟರ್ ಯಾವ ಕಡೆಗೆ ಮುಖಮಾಡಿದೆಯೋ ಅಲ್ಲಿಗೆ 1ರ ತಂತಿ.

ಇನ್ನು ಉಳಿದದ್ದು ರೋಟರ್ ತಿರುಗುವ ದಿಕ್ಕು. ಬಹುಮಂದಿ ಎಡವುವುದು ಇಲ್ಲಿಯೇ. ಅಂಬಾಸಡರಿನ ಈ ಎಂಜಿನ್ನಿನಲ್ಲಿ, ಮುಚ್ಚಳದ ಕಡೆಯಿಂದ ನೋಡಿದರೆ, ರೋಟರ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಅದೇ ದಿಕ್ಕಿನಲ್ಲಿ 1, 3, 4, 2 ಎಂದು ಸಿಕ್ಕಿಸಬೇಕು. ಮುಳ್ಳಿನ ದಿಕ್ಕಿನಲ್ಲಿ ಸಿಕ್ಕಿಸಿದರೆ ಕಿಡಿ ಹೋಗುವ ಕ್ರಮ 1-2-4-3 ಆಗಿಬಿಡುತ್ತದೆ. ವಿಚಿತ್ರವೆಂದರೆ ಇದರಲ್ಲಿ 1 ಮತ್ತು 4 ತಮ್ಮ ಸ್ಥಾನದಲ್ಲೇ ಉಳಿಯುತ್ತವೆ, 2 ಮತ್ತು 3 ಮಾತ್ರ ಅದಲುಬದಲಾಗುತ್ತವೆ. ಎಂಜಿನ್ನು ಸತ್ತೂ ಇಲ್ಲ, ಬದುಕಿಯೂ ಇಲ್ಲ ಎಂಬಂತೆ ಗಡಗಡ ನಡುಗುತ್ತದೆ. ಕಾರ್ಬುರೇಟರು ಆಗಾಗ ‘ಫಟ್’ ಎನ್ನುತ್ತದೆ. ಮಾಲೀಕನು ಪೆಟ್ರೋಲನ್ನೂ ಕಾರ್ಬುರೇಟರನ್ನೂ ದೂಷಿಸುತ್ತ ಇಲ್ಲದ ರೋಗಕ್ಕೆ ಹಣ ಸುರಿಯುತ್ತಾನೆ. ಪೂರ್ಣ ತಪ್ಪಿಗಿಂತ ಅರ್ಧ ಸರಿಯೇ ಹೆಚ್ಚು ಮೋಸಗೊಳಿಸುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಹಣದ ಮಾತು ಹಾಗಿರಲಿ, ಕೈಯ ಮಾತೂ ಇದೆ. 1 ಮತ್ತು 3ರ ತಂತಿಗಳು ಬದಲಾದವೆನ್ನಿ. 3ನೆಯ ಪಿಸ್ಟನ್ನು ಇನ್ನೂ ಕೆಳಗಿದ್ದು ಒತ್ತಲು ಹೊರಡುವಾಗಲೇ ಅದಕ್ಕೆ ಕಿಡಿ ಬೀಳುತ್ತದೆ. ಉರಿಯುವ ಅನಿಲದ ಎದುರಾಗಿ ಅದು ಮೇಲೇರಬೇಕು. ಇಂಥ ಅಕಾಲದ ಕಿಡಿಯಿಂದ ಎಂಜಿನ್ನು ಹಿಮ್ಮುಖವಾಗಿ ಒದೆಯಬಹುದು. ಹ್ಯಾಂಡಲ್ ತಿರುಗಿಸುವ ಕಾಲದಲ್ಲಿ ಈ ಒದೆತದಿಂದ ಮಣಿಕಟ್ಟು ಮುರಿದುಕೊಂಡವರು ಪ್ರಪಂಚದಲ್ಲಿ ಎಷ್ಟೋ ಮಂದಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಈ ಭಯ ಕ್ರಮೇಣ ತಗ್ಗಿತು. ಇಂದಿಗೂ ಹ್ಯಾಂಡಲ್ ಹಿಡಿಯುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಬೇಕು, ಸುತ್ತಿ ಹಿಡಿಯಬಾರದು.

1923ರಲ್ಲಿ ಭದ್ರಾವತಿಯ ಕುಲುಮೆಯಿಂದ ಕಬ್ಬಿಣ ಹರಿದಂದಿನಿಂದ ನಮ್ಮ ಸೀಮೆಗೆ ಲೋಹವೂ ಯಂತ್ರವೂ ಹೊಸತಲ್ಲ. ಆದರೆ ಬೆರಳ ತುದಿಯ ಈ ವಿದ್ಯೆ ಪುಸ್ತಕಕ್ಕಿಂತ ಹೆಚ್ಚಾಗಿ ವಯಸ್ಸಾದ ಮಿಸ್ತ್ರಿಗಳ ಬಳಿಯಲ್ಲಿದೆ. ಇಂದಿನ ಅನೇಕ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೂ ಇಲ್ಲ, ಉದ್ದನೆಯ ತಂತಿಗಳೂ ಇಲ್ಲ. ಪ್ರತಿ ಪ್ಲಗ್ಗಿನ ತಲೆಯ ಮೇಲೆ ಅದರದೇ ಕಾಯಿಲ್, ಸರದಿಯನ್ನು ನೋಡಿಕೊಳ್ಳುವುದು ಕಂಪ್ಯೂಟರು. ಆದುದರಿಂದ ಹಳೆಯ ಗ್ಯಾರೇಜಿನ ಹಿರಿಯರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ನಮ್ಮಂಥ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ.

ಕೊನೆಯದಾಗಿ ಒಂದು ಸುಲಭೋಪಾಯ. ತಂತಿಗಳನ್ನು ಕಳಚುವ ಮೊದಲೇ ಪ್ರತಿಯೊಂದಕ್ಕೂ ದಾರ ಕಟ್ಟಿ, ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ ಹಾಕಿಡಿ. ಬಿಡಿಸಲಾಗದ ಒಗಟುಗಳು ಲೋಕದಲ್ಲಿ ಬೇಕಾದಷ್ಟಿವೆ. ಹತ್ತು ಗಂಟುಗಳಲ್ಲಿ ತಪ್ಪುವ ಒಗಟನ್ನು ನಾವಾಗಿಯೇ ತಂದುಕೊಳ್ಳುವುದೇಕೆ?